ಮೊದಲ ವರ್ಷದ ಬ್ಯಾಟ್‌ಮನ್ ಕೈಯಲ್ಲಿ ಪಿಸ್ತೂಲು ಯಾಕಿತ್ತು?

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಬ್ಯಾಟ್‌ಮನ್ ಸಿನಿಮಾಗಳನ್ನೆಲ್ಲ ನೋಡಿ ಮುಗಿಸಿದ್ದಾಳೆ. ಈಗ ‘ಅಪ್ಪಾ, ಮೊಟ್ಟಮೊದಲ ಕಾಮಿಕ್ಸ್‌ನಿಂದ ಓದ್ತೀನಿ’ ಅಂತ ಹಟ ಹಿಡಿದಿದ್ದಾಳೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಆರ್ಕೈವ್ಸ್, ಕ್ರಾನಿಕಲ್ಸ್, ಗೋಲ್ಡನ್ ಏಜ್, ಆಮ್ನಿಬಸ್ ಅಂತ ಅದೇ ಕಥೆಗಳು ನಾಲ್ಕು ಹೆಸರಲ್ಲಿ ಸಿಗುತ್ತವೆ. ಯಾವುದನ್ನು ಕೊಳ್ಳಲಿ? ಇನ್ನೊಂದು ವಿಷಯ. ಆ ಹಳೇ ಕಥೆಗಳಲ್ಲಿ ಬ್ಯಾಟ್‌ಮನ್ ಪಿಸ್ತೂಲು ಹಿಡಿಯುತ್ತಾನೆ, ಜನರನ್ನು ಕೊಲ್ಲುತ್ತಾನೆ ಅಂತ ಗೆಳೆಯರೊಬ್ಬರು ಹೇಳಿದರು. ನಿಜವಾ? ಹಾಗಿದ್ದರೆ ಮಕ್ಕಳಿಗೆ ಕೊಡಬಹುದಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ‘ಬ್ಯಾಟ್‌ಮನ್: ದಿ ಗೋಲ್ಡನ್ ಏಜ್’ ಪೇಪರ್‌ಬ್ಯಾಕ್ ಸರಣಿಯ ಮೊದಲ ಸಂಪುಟ ಕೊಳ್ಳಿ. ಹಳೇ ಪುಸ್ತಕದ ಅಂಗಡಿಯಲ್ಲಿ ‘ಬ್ಯಾಟ್‌ಮನ್ ಕ್ರಾನಿಕಲ್ಸ್’ ಮೊದಲ ಸಂಪುಟ ಸಿಕ್ಕರೆ ಅದೂ ಆದೀತು. ಹದಿನಾಲ್ಕರ ಹುಡುಗಿಗೆ ಧಾರಾಳವಾಗಿ ಕೊಡಿ. ನಿಮ್ಮ ಗೆಳೆಯರು ಹೇಳಿದ್ದೂ ನಿಜವೇ. ಇನ್ನು ಯಾಕೆ ಅನ್ನೋದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು, ಪುರುಸೊತ್ತು ಮಾಡಿಕೊಂಡು ಓದಿ.

ಈ ಕಥೆಗಳನ್ನು ಬರೆದವರಿಗೇ ಬ್ಯಾಟ್‌ಮನ್ ಯಾರು ಅಂತ ಆಗ ಗೊತ್ತಿರಲಿಲ್ಲ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಅವರು ತಿಂಗಳಿಗೊಂದು ಕಥೆ ಕೊಡಬೇಕಿತ್ತು. ಈ ತಿಂಗಳು ಹೊಳೆದದ್ದನ್ನು ಈ ತಿಂಗಳು ಹಾಕಿದರು. ಚೆನ್ನಾಗಿ ಕಂಡದ್ದು ಉಳಿಯಿತು, ಹೊಂದದ್ದು ಸದ್ದಿಲ್ಲದೆ ಬಿದ್ದುಹೋಯಿತು. ಅದಕ್ಕೇ ಇವನ್ನು ಬಂದ ಕ್ರಮದಲ್ಲಿ ಓದಬೇಕು. ಸಂಗ್ರಹ ಆರಿಸುವಾಗ ಕಾಗದ, ರಟ್ಟು, ಬಣ್ಣ ಎಲ್ಲಕ್ಕಿಂತ ಮುಖ್ಯ ಈ ಕ್ರಮ.

ಶುರು ಎಲ್ಲಿಂದ ಅಂತ ನೋಡೋಣ. 1938ರಲ್ಲಿ ಸೂಪರ್‌ಮನ್ ಬಂದು ಅಮೆರಿಕದಲ್ಲಿ ಬಿಸಿ ದೋಸೆ ಹಾಗೆ ಖರ್ಚಾಗುತ್ತಿದ್ದ. ಅಂಥವನೇ ಇನ್ನೊಬ್ಬ ಬೇಕು ಅಂತ ಸಂಪಾದಕ ವಿನ್ ಸಲಿವನ್ ಹುಡುಕಾಟದಲ್ಲಿದ್ದರು. ಬಾಬ್ ಕೇನ್ ಅನ್ನೋ ಯುವ ಚಿತ್ರಕಾರ ನಾನು ಮಾಡಿಕೊಡ್ತೀನಿ ಅಂದ. ಆತ ಮೊದಲು ಗೀಚಿದ್ದು ಕೆಂಪು ಬಿಗಿಯುಡುಪಿನ, ಬೆನ್ನಿಗೆ ಗಟ್ಟಿ ರೆಕ್ಕೆ ಕಟ್ಟಿಕೊಂಡ, ಕಣ್ಣಿನ ಸುತ್ತ ಮಾತ್ರ ಸಣ್ಣ ಮುಖವಾಡವಿದ್ದ ಒಬ್ಬನನ್ನು. ಅದನ್ನು ಗೆಳೆಯ ಬಿಲ್ ಫಿಂಗರ್‌ಗೆ ತೋರಿಸಿದ. ಫಿಂಗರ್ ಕಥೆಗಾರ. ಆತ ಇಡೀ ತಲೆ ಮುಚ್ಚುವ ಟೋಪಿಮುಖವಾಡ ಹಾಕು, ಅದಕ್ಕೆ ಬಾವಲಿ ಕಿವಿ ಇಡು, ರೆಕ್ಕೆ ತೆಗೆದು ಹರಡಿಕೊಳ್ಳುವ ನಿಲುವಂಗಿ ಕೊಡು, ಕೆಂಪು ಬೇಡ ಬೂದು ಮಾಡು, ಕೈಗೆ ಗ್ಲೌಸ್ ಹಾಕು ಅಂದ. ಕಣ್ಣಿನ ಜಾಗದಲ್ಲಿ ಕಣ್ಣುಗುಡ್ಡೆ ಬೇಡ, ಬರೀ ಬಿಳಿ ಬಿಡು ಅಂದದ್ದೂ ಆತನೇ. ಅದನ್ನು ಫ್ಯಾಂಟಮ್‌ನಿಂದ ತೆಗೆದುಕೊಂಡೆ ಅಂತ ಫಿಂಗರ್ ಆಮೇಲೆ ಒಪ್ಪಿಕೊಂಡಿದ್ದಾನೆ. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಇದು ಖುಷಿಯ ಸುದ್ದಿ ಅಲ್ವಾ? ನಮ್ಮ ಫ್ಯಾಂಟಮ್ 1936ರಲ್ಲೇ ಪತ್ರಿಕೆಗೆ ಬಂದವನು, ಬ್ಯಾಟ್‌ಮನ್‌ಗಿಂತ ಮೂರು ವರ್ಷ ಹಿರಿಯ.

ಮೊದಲ ಕಥೆ ಬಂದದ್ದು ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ. ರಟ್ಟಿನ ಮೇಲಿನ ತಿಂಗಳು ಮೇ 1939. ಬೆಲೆ ಹತ್ತು ಸೆಂಟ್, ಪುಟ 64. ಅದರಲ್ಲಿ ಬ್ಯಾಟ್‌ಮನ್‌ಗೆ ಸಿಕ್ಕಿದ್ದು ಬರೇ 6 ಪುಟ. ಉಳಿದದ್ದೆಲ್ಲ ಬೇರೆ ಪತ್ತೇದಾರರ ಕಥೆ. ನೀವು ಕೊಳ್ಳುವ ಸಂಗ್ರಹದಲ್ಲಿ ಆ ಬೇರೆಯವರು ಯಾರೂ ಇರುವುದಿಲ್ಲ, ಬ್ಯಾಟ್‌ಮನ್ ಪುಟಗಳನ್ನು ಮಾತ್ರ ಆರಿಸಿ ಸೇರಿಸಿರುತ್ತಾರೆ.

ಆ ಆರು ಪುಟಗಳನ್ನು ಮಗಳ ಜೊತೆ ಕೂತು ನಿಧಾನಕ್ಕೆ ನೋಡಿ. ಪೊಲೀಸ್ ಕಮಿಷನರ್ ಗಾರ್ಡನ್ ಮನೆಯಲ್ಲಿ ಬ್ರೂಸ್ ವೇನ್ ಅನ್ನೋ ಶ್ರೀಮಂತ ಯುವಕ ಪೈಪ್ ಸೇದುತ್ತಾ ಕೂತಿದ್ದಾನೆ. ಫೋನು ಬರುತ್ತದೆ: ಕೆಮಿಕಲ್ ಕಂಪನಿಯ ದೊಡ್ಡ ಕುಳ ಲ್ಯಾಂಬರ್ಟ್‌ನನ್ನು ಯಾರೋ ಚಾಕು ಹಾಕಿ ಕೊಂದಿದ್ದಾರೆ. ‘ಬರ್ತೀಯಾ?’ ಅಂತ ಗಾರ್ಡನ್ ಕರೆಯುತ್ತಾನೆ. ಬೇರೇನೂ ಕೆಲಸವಿಲ್ಲ, ಬಂದರೆ ಬಂದೆ ಅನ್ನೋ ಧಾಟಿಯಲ್ಲಿ ಬ್ರೂಸ್ ಹೊರಡುತ್ತಾನೆ. ಕಂಪನಿಯಲ್ಲಿ ನಾಲ್ವರು ಪಾಲುದಾರರು. ಒಬ್ಬೊಬ್ಬರನ್ನೇ ಮುಗಿಸುತ್ತಿರುವವನು ನಾಲ್ಕನೆಯ ಪಾಲುದಾರನೇ. ಒಬ್ಬನನ್ನು ಗಾಜಿನ ಗುಮ್ಮಟದೊಳಗೆ ಕೂಡಿಹಾಕಿ ವಿಷದ ಗ್ಯಾಸ್ ಬಿಡುತ್ತಾರೆ. ಆಗ ಬ್ಯಾಟ್‌ಮನ್ ಏನು ಮಾಡುತ್ತಾನೆ ಗೊತ್ತಾ? ಅವನ ಬಳಿ ಯಾವ ಹೈಟೆಕ್ ಯಂತ್ರವೂ ಇಲ್ಲ. ಒಳಗೆ ನುಗ್ಗಿ ಕರವಸ್ತ್ರ ತುರುಕಿ ಗ್ಯಾಸ್ ಕೊಳವೆ ಮುಚ್ಚುತ್ತಾನೆ. ಆಮೇಲೆ ಸ್ಪ್ಯಾನರ್‌ನಲ್ಲಿ ಗಾಜು ಒಡೆಯುತ್ತಾನೆ. ಅಷ್ಟೇ! ಓಡಾಡಲು ಬ್ಯಾಟ್‌ಮೊಬೈಲ್ ಇಲ್ಲ, ಮಾಮೂಲಿ ಕೆಂಪು ಕಾರು. ಕೈಗೆ ನೇರಳೆ ಬಣ್ಣದ ಗಿಡ್ಡ ಗ್ಲೌಸ್, ಮದುವೆ ಮನೆಯಲ್ಲಿ ಬಡಿಸುವವರು ಹಾಕಿಕೊಂಡ ಹಾಗೆ. ಕೊನೆಗೆ ಖಳ ತಡೆಗಂಬಿ ಮುರಿಯುವಂಥ ಗುದ್ದು ತಿಂದು ಆಸಿಡ್ ತೊಟ್ಟಿಗೆ ಬೀಳುತ್ತಾನೆ. ಬ್ಯಾಟ್‌ಮನ್ ಇವನಿಗೆ ತಕ್ಕ ಸಾವೇ ಬಂತು ಅಂದುಕೊಂಡು ಹೊರಟುಹೋಗುತ್ತಾನೆ.

ಕಡೆಯ ಪುಟದ ಆಟ ಮಾತ್ರ ಸೊಗಸು. ಗಾರ್ಡನ್ ನಡೆದದ್ದನ್ನೆಲ್ಲ ಬ್ರೂಸ್‌ಗೆ ಹೇಳುತ್ತಾನೆ. ಒಳ್ಳೇ ಅಡುಗೂಲಜ್ಜಿ ಕಥೆ ಹಾಗಿದೆ ಅಂತ ಬ್ರೂಸ್ ನಗುತ್ತಾನೆ. ಈ ಹುಡುಗನ ಬದುಕು ಎಷ್ಟು ಬೋರು ಇರಬೇಕು ಅಂತ ಗಾರ್ಡನ್ ಮನಸ್ಸಲ್ಲೇ ಮರುಗುತ್ತಾನೆ. ಆಮೇಲೆ ಬ್ರೂಸ್ ಮನೆಯ ಒಂದು ಬಾಗಿಲು ಮೆಲ್ಲಗೆ ತೆರೆಯುತ್ತದೆ, ಹೊರಗೆ ಬರುವವನು ಬ್ಯಾಟ್‌ಮನ್. ನಮಗೆ ಈ ಗುಟ್ಟು ಹುಟ್ಟುವಾಗಲೇ ಗೊತ್ತಿತ್ತೇನೋ ಅನ್ನುವಷ್ಟು ಹಳತಾಗಿದೆ. 1939ರಲ್ಲಿ ಹತ್ತು ಸೆಂಟ್ ಕೊಟ್ಟು ಓದಿದ ಹುಡುಗನಿಗೆ ಅದೇ ಕಥೆಯ ಅಸಲಿ ಏಟು. ಅಂದ ಹಾಗೆ ಈ ಕಥೆಯ ಹಂದರ ಫಿಂಗರ್‌ನ ಸ್ವಂತದ್ದಲ್ಲ. ‘ದಿ ಶ್ಯಾಡೋ’ ಅನ್ನೋ ಅಗ್ಗದ ಪತ್ತೇದಾರಿ ಪತ್ರಿಕೆಯ 1936ರ ಒಂದು ಕಾದಂಬರಿಯಿಂದ ಎತ್ತಿದ್ದು. ಕೇನ್ ಕೂಡ ಕಡಿಮೆಯೇನಲ್ಲ. ರಟ್ಟಿನ ಮೇಲೆ ಹಗ್ಗ ಹಿಡಿದು ಹಾರುವ ಬ್ಯಾಟ್‌ಮನ್‌ನ ಭಂಗಿಯನ್ನು ಫ್ಲ್ಯಾಶ್ ಗಾರ್ಡನ್ ಚಿತ್ರಪಟ್ಟಿಯಿಂದ ನೋಡಿ ಬರೆದಿದ್ದ.

ಈಗ ಪಿಸ್ತೂಲಿನ ವಿಷಯಕ್ಕೆ ಬರೋಣ. ಆ ವರ್ಷದ 31 ಮತ್ತು 32ನೇ ಸಂಚಿಕೆಗಳಲ್ಲಿ ‘ಮಂಕ್’ ಅನ್ನೋ ರಕ್ತಪಿಶಾಚಿಯ ಕಥೆ ಬರುತ್ತದೆ. ಬ್ಯಾಟ್‌ಮನ್ ಅವನನ್ನು ಬೆನ್ನಟ್ಟಿ ಹಂಗೇರಿಗೆ ಹೋಗುತ್ತಾನೆ. ಅಲ್ಲಿ ಬೆಳ್ಳಿಯ ವಿಗ್ರಹವೊಂದನ್ನು ಕರಗಿಸಿ ಗುಂಡು ಮಾಡುತ್ತಾನೆ. ಪೆಟ್ಟಿಗೆಯಲ್ಲಿ ಮಲಗಿದವರಿಗೆ ಅಲ್ಲೇ ಗುರಿಯಿಟ್ಟು ಹೊಡೆಯುತ್ತಾನೆ. ಮಲಗಿದ್ದವರು ಪಿಶಾಚಿಗಳು, ಮನುಷ್ಯರಲ್ಲ ಅಂತ ವಾದ ಮಾಡಬಹುದು. ಆದರೆ ಮುಂದಿನ ತಿಂಗಳು, ಅಂದರೆ ನವೆಂಬರ್ 1939ರ 33ನೇ ಸಂಚಿಕೆಯಲ್ಲಿ, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ನಿಂತಿದ್ದಾನೆ.

ಇದರಲ್ಲಿ ನನಗೆ ತುಂಬ ವಿಚಿತ್ರ ಅನಿಸುವುದು ಒಂದಿದೆ. ಅದೇ 33ನೇ ಸಂಚಿಕೆಯ ಮೊದಲ ಎರಡು ಪುಟದಲ್ಲಿ ಅವನ ಹುಟ್ಟಿನ ಕಥೆ ಮೊಟ್ಟಮೊದಲು ಬರುತ್ತದೆ. ಸಿನಿಮಾ ನೋಡಿ ಬರುವಾಗ ದಾರಿಯಲ್ಲಿ ಒಬ್ಬ ಕಳ್ಳ ಅಡ್ಡ ಹಾಕುತ್ತಾನೆ, ತಾಯಿಯ ಕೊರಳ ಸರಕ್ಕೆ ಕೈ ಹಾಕುತ್ತಾನೆ. ಅಪ್ಪ ಅಮ್ಮ ಇಬ್ಬರೂ ಹುಡುಗನ ಕಣ್ಣೆದುರೇ ಗುಂಡಿಗೆ ಬಲಿ. ಆ ಹುಡುಗ ಮೊಂಬತ್ತಿ ಬೆಳಕಲ್ಲಿ ಕೈ ಜೋಡಿಸಿ ಶಪಥ ಮಾಡುತ್ತಾನೆ. ದೊಡ್ಡವನಾದ ಮೇಲೆ, ಕಳ್ಳರು ಹೆದರುವಂಥ ವೇಷ ಯಾವುದು ಅಂತ ಯೋಚಿಸುತ್ತ ಕೂತಾಗ ಕಿಟಕಿಯಿಂದ ಒಂದು ಬಾವಲಿ ಒಳಗೆ ಬರುತ್ತದೆ. ಮುಗಿಯಿತು. ಇಷ್ಟನ್ನೇ ಇಟ್ಟುಕೊಂಡು ಎಂಬತ್ತು ವರ್ಷ ಎಷ್ಟು ಸಿನಿಮಾ ಮಾಡಿದ್ದಾರೆ ನೋಡಿ! ತಂದೆಗೆ ಥಾಮಸ್ ವೇನ್ ಅಂತ ಹೆಸರಿದೆ, ತಾಯಿ ಬರೀ ‘ಹೆಂಡತಿ’. ಕೊಂದವನಿಗೆ ಹೆಸರು ಬಂದದ್ದು 1948ರಲ್ಲಿ. ಇದಾದ ಮೇಲೆ ಮೂರನೇ ಪುಟದಿಂದ ಕಥೆ ಬೇರೆಲ್ಲಿಗೋ ಹಾರುತ್ತದೆ: ಕೆಂಪು ವಾಯುನೌಕೆಯೊಂದು ಬಂದು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಕಟ್ಟಡಗಳನ್ನು ಉರುಳಿಸುತ್ತದೆ! ಹೌದು, ನ್ಯೂಯಾರ್ಕೇ. ಬ್ಯಾಟ್‌ಮನ್‌ನ ಊರಿಗೆ ಗಾಥಮ್ ಸಿಟಿ ಅನ್ನೋ ಹೆಸರು ಇನ್ನೂ ಹುಟ್ಟಿಲ್ಲ, ಅದಕ್ಕೆ ಇನ್ನೊಂದು ವರ್ಷ ಕಾಯಬೇಕು. ಅಪ್ಪ ಅಮ್ಮ ಪಿಸ್ತೂಲಿಗೆ ಬಲಿಯಾದದ್ದನ್ನು ಹೇಳುವ ಸಂಚಿಕೆಯಲ್ಲೇ ಮಗನ ಸೊಂಟಕ್ಕೂ ಪಿಸ್ತೂಲು. ಇದು ಹೊಂದುವುದಿಲ್ಲ ಅಂತ ಆಗ ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು 1940ರಲ್ಲಿ. ಆ ವರ್ಷ ಎರಡು ಘಟನೆ ನಡೆದವು. ಏಪ್ರಿಲ್ ಸಂಚಿಕೆಯಲ್ಲಿ, ಅಂದರೆ 38ನೆಯದರಲ್ಲಿ, ರಾಬಿನ್ ಬಂದ. ಸರ್ಕಸ್ ಹುಡುಗ, ಜೋಕಾಲಿಯ ಹಗ್ಗಕ್ಕೆ ಗೂಂಡಾಗಳು ಆಸಿಡ್ ಹಾಕಿ ಅವನ ಅಪ್ಪ ಅಮ್ಮನನ್ನು ಕೊಂದಿರುತ್ತಾರೆ. ರಾಬಿನ್ ಬಂದ ಕಾರಣ ತೀರಾ ಸರಳ. ಬ್ಯಾಟ್‌ಮನ್‌ಗೆ ಮಾತಾಡಲು ಯಾರೂ ಇರಲಿಲ್ಲ, ಬರೀ ತನ್ನಷ್ಟಕ್ಕೆ ಯೋಚಿಸುತ್ತಿದ್ದ, ಅದನ್ನು ಬರೆದು ಬರೆದು ಫಿಂಗರ್‌ಗೆ ಸಾಕಾಗಿತ್ತು. ಷೆರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದ ಹಾಗೆ ಇವನಿಗೂ ಒಬ್ಬ ಬೇಕು ಅಂದ. ರಾಬಿನ್ ಅಂತ ಹೆಸರಿಡಲು ಹೇಳಿದ್ದು ಜೆರ್ರಿ ರಾಬಿನ್ಸನ್, ರಾಬಿನ್ ಹುಡ್ ನೆನಪಲ್ಲಿ. ಈ ರಾಬಿನ್ಸನ್ 17ನೇ ವಯಸ್ಸಿಗೇ ಕೇನ್ ಬಳಿ ಕೆಲಸಕ್ಕೆ ಸೇರಿದವನು. ರಜೆಯಲ್ಲಿ ತಾನೇ ಚಿತ್ರ ಬರೆದುಕೊಂಡಿದ್ದ ಬಿಳಿ ಜಾಕೆಟ್ ಹಾಕಿಕೊಂಡು ಓಡಾಡುತ್ತಿದ್ದ. ಆ ಜಾಕೆಟ್ ನೋಡಿಯೇ ಕೇನ್ ಅವನನ್ನು ಮಾತಾಡಿಸಿದ್ದು.

ಎರಡನೆಯದು, ಬ್ಯಾಟ್‌ಮನ್ ಹೆಸರಲ್ಲೇ ಬೇರೆ ಪತ್ರಿಕೆ ಶುರುವಾಯಿತು. ‘ಬ್ಯಾಟ್‌ಮನ್’ ಮೊದಲ ಸಂಚಿಕೆ, ವಸಂತ 1940. ಸುಮ್ನೆ ಹೇಳುತ್ತಿಲ್ಲ, ಆ ಒಂದು ಸಂಚಿಕೆಗಾಗಿ ಇಡೀ ಸಂಪುಟದ ದುಡ್ಡು ಕೊಡಬಹುದು. ಜೋಕರ್ ಬರುವುದು ಇಲ್ಲೇ, ಕ್ಯಾಟ್‌ವುಮನ್ ಬರುವುದೂ ಇಲ್ಲೇ. ಆಕೆಗೆ ಆಗ ಬೆಕ್ಕಿನ ವೇಷವೇನೂ ಇಲ್ಲ, ಹೆಸರು ಬರೀ ‘ದಿ ಕ್ಯಾಟ್’, ಮುದುಕಿಯ ವೇಷದಲ್ಲಿ ಒಡವೆ ಕದಿಯುತ್ತಾಳೆ. ಕಡೆಯಲ್ಲಿ ಅವಳು ದೋಣಿಯಿಂದ ನೀರಿಗೆ ಹಾರುವಾಗ ಬ್ಯಾಟ್‌ಮನ್ ಬೇಕಂತಲೇ ರಾಬಿನ್‌ಗೆ ಡಿಕ್ಕಿ ಹೊಡೆದು ಅವಳನ್ನು ತಪ್ಪಿಸಿಕೊಳ್ಳಲು ಬಿಡುತ್ತಾನೆ. ರಾಬಿನ್‌ಗೆ ಗುಟ್ಟು ತಿಳಿಯದೆ ಇರುತ್ತದೆಯೇ?

ಜೋಕರ್ ಕಥೆ ಈಗಲೂ ಮೈ ಜುಮ್ಮೆನಿಸುತ್ತದೆ. ಇಂಥವನು ಇವತ್ತು ರಾತ್ರಿ ಹನ್ನೆರಡಕ್ಕೆ ಸಾಯುತ್ತಾನೆ, ಅವನ ವಜ್ರ ನನ್ನದಾಗುತ್ತದೆ ಅಂತ ರೇಡಿಯೊದಲ್ಲಿ ಹೇಳುತ್ತಾನೆ. ಮನೆ ತುಂಬ ಪೊಲೀಸರು. ಗಡಿಯಾರ ಹನ್ನೆರಡು ಹೊಡೆಯುತ್ತದೆ. ಯಾರೂ ಬರುವುದಿಲ್ಲ, ಆದರೂ ಆ ಮನುಷ್ಯ ಕುಸಿದು ಬೀಳುತ್ತಾನೆ, ಸತ್ತ ಮುಖ ನಿಧಾನವಾಗಿ ನಗುವಾಗಿ ಬಿರಿಯುತ್ತದೆ. ವಿಷವನ್ನು ಹಿಂದಿನ ದಿನವೇ ಚುಚ್ಚಿ ಹೋಗಿರುತ್ತಾನೆ ಜೋಕರ್. ಇದೇ ಸಂಚಿಕೆಯ ಕೊನೆಯ ಕಥೆಯಲ್ಲಿ ಅವನು ಕೈತಪ್ಪಿ ತನ್ನ ಚಾಕುವಿನಿಂದ ತನ್ನನ್ನೇ ಇರಿದುಕೊಂಡು ಬೀಳುತ್ತಾನೆ. ಫಿಂಗರ್ ಪ್ರಕಾರ ಅವನು ಅಲ್ಲಿಗೆ ಸತ್ತ. ಆದರೆ ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಇಂಥ ಖಳನನ್ನು ಯಾರಾದರೂ ಕಳೆದುಕೊಳ್ಳುತ್ತಾರಾ ಅಂತ ಕೊನೆಗೊಂದು ಚೌಕ ಸೇರಿಸಿದರು. ಆಂಬ್ಯುಲೆನ್ಸ್‌ನಲ್ಲಿ ಡಾಕ್ಟರ್, ಅಯ್ಯೋ ಇವನಿನ್ನೂ ಬದುಕಿದ್ದಾನೆ, ಉಳಿಯುತ್ತಾನೆ ಕೂಡ ಅನ್ನುತ್ತಾನೆ. ಆ ಚೌಕವನ್ನು ಮಗಳಿಗೆ ತೋರಿಸಿ. ಅದೊಂದಿಲ್ಲದಿದ್ದರೆ ಆ ಜೋಕರ್ ಸಿನಿಮಾಗಳು ಯಾವುವೂ ಇರುತ್ತಿರಲಿಲ್ಲ.

ಕೊಲೆಗೆ ಕಡಿವಾಣ ಬಿದ್ದದ್ದೂ ಈ ಸಂಚಿಕೆಯಿಂದಲೇ. ಹ್ಯೂಗೊ ಸ್ಟ್ರೇಂಜ್ ಅನ್ನೋ ವಿಜ್ಞಾನಿ ಮನುಷ್ಯರಿಗೆ ಮದ್ದು ಚುಚ್ಚಿ ರಾಕ್ಷಸರನ್ನಾಗಿ ಮಾಡುವ ಕಥೆ ಇದರಲ್ಲಿದೆ. ಬ್ಯಾಟ್‌ಮನ್ ವಿಮಾನದಿಂದ ಮಷಿನ್‌ಗನ್ ಹಿಡಿದು ಲಾರಿಯ ಮೇಲೆ ಗುಂಡು ಸುರಿಸುತ್ತಾನೆ. ಜೀವ ತೆಗೆಯಲು ಇಷ್ಟವಿಲ್ಲ, ಆದರೆ ಈ ಸಲ ಬೇರೆ ದಾರಿಯಿಲ್ಲ ಅಂತ ಅವನ ಸಮಜಾಯಿಷಿ. ಆಮೇಲೆ ಒಬ್ಬ ರಾಕ್ಷಸನ ಕೊರಳಿಗೆ ವಿಮಾನದ ಹಗ್ಗ ಹಾಕಿ ಎಳೆದೊಯ್ಯುತ್ತಾನೆ. ಇದನ್ನು ನೋಡಿ ಎಲ್ಸ್‌ವರ್ತ್, ಸಾಕಪ್ಪ, ಇನ್ನು ಬ್ಯಾಟ್‌ಮನ್ ಪಿಸ್ತೂಲು ಹಿಡಿಯಕೂಡದು, ಕೊಲ್ಲಕೂಡದು ಅಂತ ಗೆರೆ ಎಳೆದರು. ಅದೇ ವರ್ಷದ ಕೊನೆಗೆ ಬಂದ ‘ಬ್ಯಾಟ್‌ಮನ್’ 4ನೇ ಸಂಚಿಕೆಯಲ್ಲಿ, ಬ್ಯಾಟ್‌ಮನ್ ಯಾವತ್ತೂ ಪಿಸ್ತೂಲಿನಿಂದ ಕೊಲ್ಲುವುದಿಲ್ಲ ಅಂತ ಓದುಗರಿಗೆ ಹೇಳಿಯೂ ಬಿಟ್ಟರು. ಯಾವತ್ತೂ ಅಂತೆ! ಹಿಂದಿನ ವರ್ಷದ್ದು ಯಾರಿಗೂ ನೆನಪಿಲ್ಲ ಅನ್ನೋ ಧೈರ್ಯ. ಇವತ್ತು ನಾವು ಅವನ ಸ್ವಭಾವ ಅಂತ ಹಾಡಿ ಹೊಗಳುವ ನಿಯಮ, ಹುಟ್ಟಿದ್ದು ಸಂಪಾದಕರ ಮೇಜಿನ ಮೇಲೆ.

ಮಕ್ಕಳಿಗೆ ಕೊಡಬಹುದಾ ಅಂದಿರಿ. ಹಿಂಸೆ ಇದೆ, ರಕ್ತ ಇಲ್ಲ. ಈಗಿನ ಸಿನಿಮಾ ನೋಡಿದವಳಿಗೆ ಇದು ತಿಂಡಿ. ಹತ್ತರ ಒಳಗಿನ ಮಕ್ಕಳಿಗಾದರೆ ನಾನು ಕೊಡುವುದಿಲ್ಲ. ಮುಜುಗರ ಆಗುವುದು ಬೇರೆ ಕಾರಣಕ್ಕೆ. ಚೀನೀಯರನ್ನು ಹಳದಿ ಮುಖದ ಕಪಟಿಗಳಾಗಿ ಚಿತ್ರಿಸಿದ ಕಥೆಗಳಿವೆ. 35ನೇ ಸಂಚಿಕೆಯಲ್ಲಿ ಹಿಂದೂ ದೇವರ ಮಾಣಿಕ್ಯದ ವಿಗ್ರಹವೊಂದು ಬರುತ್ತದೆ, ಅದರ ಹಿಂದೆ ಮಾಮೂಲಿ ಶಾಪ-ಗೀಪ. ನಮ್ಮ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟೇ. ಮರುಮುದ್ರಣಗಳಲ್ಲಿ ಈ ಕಥೆಗಳನ್ನು ಬಿಟ್ಟಿಲ್ಲ, ಬಿಡದೇ ಇರುವುದೇ ಸರಿ. ಓದುವಾಗ ಪಕ್ಕದಲ್ಲಿ ಕೂತು ಒಂದು ಮಾತು ಹೇಳಿ, ಸಾಕು.

ಇನ್ನು ಪುಸ್ತಕ. ‘ಬ್ಯಾಟ್‌ಮನ್ ಆರ್ಕೈವ್ಸ್’ 1990ರಿಂದ ಬಂದ ಗಟ್ಟಿ ರಟ್ಟಿನ ಸರಣಿ. ನೋಡಲು ಚೆಂದ, ಆದರೆ ‘ಡಿಟೆಕ್ಟಿವ್’ ಕಥೆಗಳು ಒಂದು ಸರಣಿಯಲ್ಲಿ, ‘ಬ್ಯಾಟ್‌ಮನ್’ ಪತ್ರಿಕೆಯವು ‘ಡಾರ್ಕ್ ನೈಟ್ ಆರ್ಕೈವ್ಸ್’ ಅನ್ನೋ ಇನ್ನೊಂದರಲ್ಲಿ. ರಾಬಿನ್ ಒಂದು ಪುಸ್ತಕದಲ್ಲಿ, ಜೋಕರ್ ಇನ್ನೊಂದರಲ್ಲಿ. ಕ್ರಮವೇ ಮುಖ್ಯ ಅಂದೆನಲ್ಲ, ಅದು ಇಲ್ಲಿ ಹಾಳಾಗುತ್ತದೆ. ಇದನ್ನು ಸರಿಪಡಿಸಲೆಂದೇ 2005ರಲ್ಲಿ ‘ಕ್ರಾನಿಕಲ್ಸ್’ ಬಂತು, ಎಲ್ಲವನ್ನೂ ಪ್ರಕಟವಾದ ಕ್ರಮದಲ್ಲಿ ಹೆಣೆದರು. 11 ಸಂಪುಟಕ್ಕೆ ನಿಂತುಹೋಯಿತು. ಎಚ್ಚರ: 1990ರ ದಶಕದಲ್ಲಿ ಇದೇ ಹೆಸರಿನ ಬೇರೆ ಪತ್ರಿಕೆಯೊಂದು ಬರುತ್ತಿತ್ತು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆನ್‌ಲೈನ್‌ನಲ್ಲಿ ಎರಡೂ ಒಟ್ಟಿಗೆ ಕಾಣಿಸುತ್ತವೆ, ವರ್ಷ ನೋಡಿ ಕೊಳ್ಳಿ. ‘ಗೋಲ್ಡನ್ ಏಜ್ ಆಮ್ನಿಬಸ್’ 2015ರದ್ದು, ಮೊದಲ ಸಂಪುಟವೇ ಎಂಟುನೂರು ಪುಟದ ಹತ್ತಿರ. ನನ್ನ ಬಳಿ ಇದೆ. ಮಲಗಿಕೊಂಡು ಓದಲು ಹೋಗಿ ಒಮ್ಮೆ ಮೂಗಿನ ಮೇಲೆ ಬಿದ್ದಿದೆ. ಕಪಾಟಿನಲ್ಲಿಡಲು ಒಳ್ಳೇದು. ಅದೇ ಕಥೆಗಳು ಅದೇ ಕ್ರಮದಲ್ಲಿ ಹಗುರವಾದ ಪೇಪರ್‌ಬ್ಯಾಕ್ ಆಗಿ ಮರುವರ್ಷದಿಂದ ಬಂದವು. ಹುಡುಗಿ ಬಸ್ಸಿನಲ್ಲೂ ಓದಬಹುದು, ಅದಕ್ಕೇ ಮೊದಲ ಸಾಲಿನಲ್ಲೇ ಅದನ್ನು ಹೇಳಿದ್ದು.

ಯಾವ ಪುಸ್ತಕವಾದರೂ ಬಣ್ಣ ಹಳೆಯದಲ್ಲ. ಮೂಲ ಚಿತ್ರಗಳು ಬಹುಪಾಲು ಕಳೆದುಹೋಗಿವೆ. ಹಳೇ ಸಂಚಿಕೆಯ ಮುದ್ರಿತ ಪುಟದಿಂದಲೇ ಕಪ್ಪು ಗೆರೆಗಳನ್ನು ಬಿಡಿಸಿಕೊಂಡು ಹೊಸದಾಗಿ ಬಣ್ಣ ತುಂಬಿರುತ್ತಾರೆ. 1939ರ ನ್ಯೂಸ್‌ಪ್ರಿಂಟ್ ಮೇಲೆ ಚುಕ್ಕಿ ಚುಕ್ಕಿಯಾಗಿ ಮಂಕಾಗಿದ್ದ ಕೆಂಪು, ಹೊಳಪು ಕಾಗದದ ಮೇಲೆ ಕುಂಕುಮದ ಹಾಗೆ ಹೊಡೆಯುತ್ತದೆ. ನನಗೆ ಹೊಳಪಿಲ್ಲದ ಕಾಗದವೇ ಇಷ್ಟ.

ಪುಸ್ತಕ ಕೈಗೆ ಬಂದಾಗ ಒಳಗಿನ ಮೊದಲ ಪುಟದಲ್ಲಿ ಸೃಷ್ಟಿ ಯಾರದ್ದು ಅಂತ ಬರೆದಿರುವುದನ್ನು ನೋಡಿ. ಹಳೇ ಮುದ್ರಣವಾದರೆ ಬಾಬ್ ಕೇನ್ ಒಬ್ಬನದೇ ಹೆಸರು. ಕೇನ್ ಮೊದಲೇ ಒಪ್ಪಂದ ಮಾಡಿಕೊಂಡು ಹೆಸರನ್ನು ಭದ್ರ ಮಾಡಿಕೊಂಡಿದ್ದ. ವೇಷ, ಹುಟ್ಟಿನ ಕಥೆ, ಗಾಥಮ್ ಅನ್ನೋ ಹೆಸರು ಇಷ್ಟೆಲ್ಲ ಕೊಟ್ಟ ಫಿಂಗರ್ 1974ರಲ್ಲಿ ಹೆಸರಿಲ್ಲದೇ ಸತ್ತ. ‘ಬಿಲ್ ಫಿಂಗರ್ ಜೊತೆ’ ಅಂತ ಅಧಿಕೃತವಾಗಿ ಸೇರಿದ್ದು 2015ರಲ್ಲಿ.

ಕೊನೆಗೆ, ಕೇಳದಿದ್ದರೂ ಒಂದು ಮಾತು, ಯಾಕೆಂದರೆ ಹುಡುಕುವಾಗ ಇದು ಎದುರಾಗಿಯೇ ಆಗುತ್ತದೆ. 27ನೇ ಸಂಚಿಕೆಯ ಅಸಲಿ ಪ್ರತಿಯೊಂದು 2010ರಲ್ಲೇ ಹತ್ತು ಲಕ್ಷ ಡಾಲರ್ ದಾಟಿ ಹರಾಜಾಗಿದೆ. ‘ಬ್ಯಾಟ್‌ಮನ್’ ಮೊದಲ ಸಂಚಿಕೆ 2021ರಲ್ಲಿ 22 ಲಕ್ಷ ಡಾಲರಿಗೆ ಹೋಯಿತು. ಹೀಗಿರುವಾಗ ಯಾರಾದರೂ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂತ ಕೆಲವು ಸಾವಿರಕ್ಕೆ ಕೊಡಲು ಬಂದರೆ ಅನುಮಾನ ಪಡಿ. 1974ರಲ್ಲಿ 27ನೇ ಸಂಚಿಕೆಯನ್ನು ಜಾಹೀರಾತುಗಳ ಸಮೇತ ಹಾಗೆಹಾಗೇ ಮರುಮುದ್ರಿಸಿದ್ದರು. ಇದು ಮರುಮುದ್ರಣ ಅಂತ ಹೇಳುವುದು ಅದರ ಹೊರರಟ್ಟು ಮಾತ್ರ. ಅದನ್ನು ಕಿತ್ತರೆ ಒಳಗೆ ಹಳೇ ಸಂಚಿಕೆಯದೇ ರಟ್ಟು. ಪರಿಚಯದವರೊಬ್ಬರು ಅಂಥದ್ದನ್ನು ಅಸಲಿ ಅಂತ ಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿ ನನ್ನ ಬಳಿ ತಂದಿದ್ದರು. ನಾನು ಓದಲೂ ಹೋಗಲಿಲ್ಲ, ಮೇಜಿನ ಮೇಲಿದ್ದ ಸ್ಕೇಲ್ ಇಟ್ಟು ಅಳೆದೆ. ಎತ್ತರ ಹದಿಮೂರೂವರೆ ಇಂಚು. ಅಸಲಿ ಸಂಚಿಕೆ ಹತ್ತೂಕಾಲು ಇಂಚಿನ ಆಸುಪಾಸು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಕವರಿನಿಂದ ತೆಗೆದು ಅಲ್ಲೇ ಓದಲು ಶುರು ಮಾಡಿದರು. ಕರವಸ್ತ್ರದಿಂದ ಗ್ಯಾಸ್ ಮುಚ್ಚುವ ಪುಟಕ್ಕೆ ಬಂದಾಗ ಜೋರಾಗಿ ನಕ್ಕರು.